ಎಮ್ಮೆ ಹಿಂಡುವ ಹೊತ್ತು

ಗೋವಾದ ವಾಸ್ಕೋದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ.

"ಅತ್ತೆಗೆ 76 ವರ್ಷ. ಬಾದಾಮಿ ಕಡೆಯವರು. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಸಂಜೆಯಾದರೆ ಸೀರೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬರುತ್ತಾರೆ. 'ಎಮ್ಮಿ ಹಿಂಡಬೇಕು, ಊರಿಗೆ ಹೊಂಟೀನಿ' ಅಂತಾರೆ. ಎಮ್ಮೆ ಸತ್ತು ಮೂವತ್ತು ವರ್ಷ ಆಯ್ತು ಎಂದರೆ ಅಳುತ್ತಾರೆ. ರಾತ್ರಿ ನನಗೆ ನಿದ್ದೆಯಿಲ್ಲ. ಬಾಗಿಲಿಗೆ ಬೀಗ ಹಾಕಿದರೆ ತಪ್ಪಾ? ನನಗೂ ಸಾಕಾಗಿದೆ. ಹಾಗನ್ನೋದಕ್ಕೂ ನಾಚಿಕೆ."

ಅಕ್ಕಾ,

ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಸಾಕಾಗಿದೆ ಅನ್ನೋದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಎರಡು ವರ್ಷ ಒಬ್ಬರೇ ನಿದ್ದೆಗೆಟ್ಟರೆ ಯಾರಿಗಾದರೂ ಸಾಕಾಗುತ್ತದೆ. ನಿಮ್ಮ ಯಜಮಾನರಿಗೆ, ನಾದಿನಿಗೆ ಇದನ್ನು ಬಾಯಿಬಿಟ್ಟು ಹೇಳಿದ್ದೀರಾ? ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ.

ನಮ್ಮ ತಂದೆಯವರು ಮಡಗಾಂವ್‌ನಲ್ಲಿ ಟೈಲರ್ ಆಗಿದ್ದರು. ಅವರಿಗೂ ಇದೇ ಕಾಯಿಲೆ ಬಂತು. ಮನೆಗೆ ಬಂದವರೆಲ್ಲ 'ಅರಳು ಮರಳು, ವಯಸ್ಸಾಯ್ತಲ್ಲ' ಎಂದು ಹೋಗುತ್ತಿದ್ದರು. ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ. ದಿನಾ ಬೆಳಗ್ಗೆ ಎದುರು ಕೂತು 'ಅಪ್ಪಾ, ನಾನು ಯಾರು ಹೇಳಿ' ಎಂದು ಕೇಳುತ್ತಿದ್ದೆ. ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗನ ಹಾಗೆ ಅವರ ಮುಖ ಸಣ್ಣದಾಗುತ್ತಿತ್ತು. ಒಂದು ದಿನ ನನ್ನ ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. 'ಹೊಲಿಗೆ ಬಿಟ್ಟದ, ಬಿಚ್ಚಿ ಕೊಡು' ಎಂದರು. ನಿಜವಾಗಿಯೂ ಬಿಟ್ಟಿತ್ತು. ನನ್ನ ಹೆಸರು ಹೋಗಿತ್ತು, ಬೆರಳಿನ ವಿದ್ಯೆ ಇತ್ತು. ಆವತ್ತಿನಿಂದ ಪ್ರಶ್ನೆ ಕೇಳೋದು ಬಿಟ್ಟೆ. ಬಟ್ಟೆ ತುಂಡುಗಳನ್ನು ಮುಂದಿಟ್ಟೆ.

ನಿಮ್ಮ ಅತ್ತೆಗೂ ಎಮ್ಮೆ ಸತ್ತ ಸುದ್ದಿ ಪ್ರತಿ ಸಂಜೆ ಹೊಸದೇ. ಪ್ರತಿ ಸಂಜೆ ಹೊಸ ಸಾವು. ತಿದ್ದಲು ಹೋಗಬೇಡಿ. 'ಎಷ್ಟು ಹಾಲು ಕೊಡ್ತಿತ್ತು ಅತ್ತಿ?' ಎಂದು ಕೇಳಿ. ಮಜ್ಜಿಗೆ ಕಡೆಯಲು ಕೂರಿಸಿ. ಈ ಕಾಯಿಲೆಯವರಲ್ಲಿ ತುಂಬಾ ಜನರಿಗೆ ಹೊತ್ತು ಇಳಿಯುವಾಗ ಕಳವಳ ಜಾಸ್ತಿ. ಅದಕ್ಕೆ ಮೊದಲೇ, ನಾಲ್ಕೂವರೆಗೆ, ಕೈಹಿಡಿದು ಒಂದು ಸುತ್ತು ನಡೆಸಿಕೊಂಡು ಬನ್ನಿ. ಲೈಟು ಬೇಗ ಹಾಕಿ.

ಬೀಗದ ವಿಷಯ. ಮನೆಯಲ್ಲಿ ನೀವಿದ್ದು, ರಾತ್ರಿ ಒಳಗಿನಿಂದ ಹಾಕಿಕೊಂಡರೆ ತಪ್ಪಲ್ಲ. ಅವರೊಬ್ಬರನ್ನೇ ಒಳಗಿಟ್ಟು ಹೊರಗಿನಿಂದ ಮಾತ್ರ ಬೇಡ. ಬೆಂಕಿ, ಗ್ಯಾಸು, ಏನಾದರೂ ಆಗಬಹುದು. ಸೀರೆಯ ಒಳಸೆರಗಿಗೆ ನಿಮ್ಮ ಫೋನ್ ನಂಬರು ಹೊಲಿಯಿರಿ. ಕಿರಾಣಿ ಅಂಗಡಿಯವರಿಗೆ, ಮೂಲೆಯಲ್ಲಿ ನಿಲ್ಲುವ ಬಾಡಿಗೆ ಬೈಕ್ ಪೈಲಟ್‌ಗಳಿಗೆ ಅತ್ತೆಯ ಫೋಟೋ ತೋರಿಸಿ, ವಿಷಯ ಹೇಳಿಡಿ. ಮುಚ್ಚಿಟ್ಟರೆ ಕಷ್ಟ ನಿಮ್ಮೊಬ್ಬರದೇ ಆಗುತ್ತದೆ.

ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಗೊಂದಲ ಹೆಚ್ಚಾದರೆ ಕಾಯಿಲೆಯ ಲೆಕ್ಕಕ್ಕೆ ಹಾಕಿ ಸುಮ್ನೆ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ಯಾವುದೂ ಇರಬಹುದು. ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಕೇಳಿ. ಡಾಕ್ಟರು ನಿಮ್ಮ ಜೊತೆ ಮಾತ್ರ ಹಿಂದಿಯಲ್ಲಿ ಮಾತಾಡಿದರೆ, 'ಅವರನ್ನೇ ಕೇಳಿ, ನಾನು ಕನ್ನಡದಲ್ಲಿ ಹೇಳ್ತೀನಿ' ಅನ್ನಿ. ಆಮೇಲೆ ಕಲಿತ ಹಿಂದಿ, ಕೊಂಕಣಿ ಮೊದಲು ಜಾರಿ, ತಾಯಿನುಡಿ ಉಳಿದುಕೊಳ್ಳುವುದು ಎಷ್ಟೋ ಜನರಲ್ಲಿ ಕಾಣುತ್ತದೆ. ಅತ್ತೆ ಉತ್ತರಿಸದೆ ಕೂತರೆ ಅವರಿಗೆ ಏನೂ ತಿಳಿಯುತ್ತಿಲ್ಲ ಎಂದಲ್ಲ.

ನಮ್ಮ ಗೋವಾದಲ್ಲೇ ನಡೆದ ಒಂದು ಕೆಲಸದ ಬಗ್ಗೆ ಹೇಳಲೇಬೇಕು. ಮಾನಸಿಕ ಆರೋಗ್ಯದ ಕೆಲಸ ಮಾಡುವ ಸಂಗಾತ್ ಸಂಸ್ಥೆಯವರು ಮತ್ತು ಅವರ ಜೊತೆಗಾರರು ಎರಡು ತಾಲ್ಲೂಕುಗಳಲ್ಲಿ 81 ಕುಟುಂಬಗಳೊಂದಿಗೆ ಒಂದು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಮನೆಗಳಿಗೆ, ತರಬೇತಿ ಪಡೆದ ಸ್ಥಳೀಯರು ಆರು ತಿಂಗಳು ಹೋಗಿಬಂದರು. ಅವರೇನು ಡಾಕ್ಟರಲ್ಲ. ಕಾಯಿಲೆ ಅಂದರೇನು ಎಂದು ತಿಳಿಸಿದರು, ಮನೆಯವರ ಮಾತು ಕೇಳಿಸಿಕೊಂಡರು, ಹಟಕ್ಕೆ ಏನು ಮಾಡಬಹುದು ಎಂದು ಕೂತು ಯೋಚಿಸಿದರು. ಬೇಕಾದಾಗ ಮನೋವೈದ್ಯರ ಸಹಾಯವಿತ್ತು. ಕಾಯಿಲೆಯೇನೂ ವಾಸಿಯಾಗಲಿಲ್ಲ. ಆದರೆ ನೋಡಿಕೊಳ್ಳುವವರ ಮನಸ್ಸಿನ ಭಾರ ಇಳಿಯಿತು. ಇದನ್ನು ಓದಿದಾಗ ನನಗೆ ಅಪ್ಪನ ಆ ದಿನಗಳು ನೆನಪಾಗಿ ಹೊಟ್ಟೆ ಉರಿಯಿತು. ಹಾಗೆ ಒಬ್ಬರು ನಮ್ಮ ಮನೆಗೂ ಬಂದಿದ್ದರೆ ಅಮ್ಮ ಅಷ್ಟು ಸೊರಗುತ್ತಿರಲಿಲ್ಲ.

ನಿಮ್ಮ ಮನಸ್ಸಿಗೆ ತೀರಾ ಭಾರವಾದಾಗ 14416ಕ್ಕೆ ಫೋನ್ ಮಾಡಿ. ಅದು ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್. ಕನ್ನಡದಲ್ಲೂ ಮಾತಾಡುತ್ತಾರೆ. ಹಿರಿಯರ ವಿಷಯಕ್ಕೆ 14567 ಸಹಾಯವಾಣಿ ಇದೆ.

ಈ ಭಾನುವಾರ ಎಲ್ಲರೂ ಒಟ್ಟಿಗೆ ಕೂರಿ. ಅತ್ತೆಯೂ ನಡುವೆ ಇರಲಿ, ಒಳಕೋಣೆಯಲ್ಲಲ್ಲ. ವಾರಕ್ಕೆ ಎರಡು ರಾತ್ರಿ ಯಜಮಾನರು ಎಚ್ಚರವಿರಲಿ. ತಿಂಗಳಲ್ಲಿ ನಾಲ್ಕು ದಿನ ನಾದಿನಿ ಬರಲಿ. ಆಮೇಲೆ ಒಂದು ಹಾಳೆಯಲ್ಲಿ ಅತ್ತೆಯ ಬಗ್ಗೆ ಬರೆಯಿರಿ. ಏನು ಊಟ ಇಷ್ಟ, ಯಾವ ಮಾತಿಗೆ ಹೆದರಿಕೆ, ಯಾವ ಹಾಡಿಗೆ ತಲೆದೂಗುತ್ತಾರೆ. ಹೊಸದಾಗಿ ನೋಡಿಕೊಳ್ಳಲು ಬಂದವರ ಕೈಗೆ ಮೊದಲು ಆ ಹಾಳೆ ಕೊಡಿ.

ಅದರಲ್ಲಿ ಎಮ್ಮೆಯ ಹೆಸರನ್ನೂ ಬರೆಯಿರಿ. ನಿಮ್ಮ ಪತ್ರದಲ್ಲಿ ಅದಿಲ್ಲ. ಅತ್ತೆಯನ್ನೇ ಕೇಳಿ.

— ಸಂಪಾದಕ