ತಂಗಿಯನ್ನು ಊರಿನ ಉಚಿತ ಸಿಇಟಿ ತರಗತಿಗೆ ಕಳಿಸಲೋ, ಸಾಲ ಮಾಡಿ ಧಾರವಾಡದ ಕೋಚಿಂಗಿಗೆ ಸೇರಿಸಲೋ?

ನಿಮ್ಮೂರಿನ ಸಂಘದವರು ನಡೆಸುವ ತರಗತಿಗೇ ಕಳಿಸಿ. ಸಾಲ ಮಾಡಬೇಡಿ.

ನಾನು ಕೊಪ್ಪಳ ಜಿಲ್ಲೆಯವನು, ಕುಷ್ಟಗಿ ಕಡೆ. ಸರ್ಕಾರಿ ಪಿಯು ಕಾಲೇಜು, ಇಂಥದ್ದೇ ಸಂಜೆ ತರಗತಿ, ಮನೆಯಲ್ಲಿ ಇದೇ ಜಗಳ. "ಫ್ರೀಯಾಗಿ ಹೇಳಿಕೊಡೋರು ಎಷ್ಟು ಚೆನ್ನಾಗಿ ಹೇಳಿಕೊಟ್ಟಾರು ಅಂತ ನೆಂಟರು ಹೆದರಿಸ್ತಿದ್ದಾರೆ" ಅಂತ ಬರೆದಿದ್ದೀರಲ್ಲ, ನಮ್ಮ ಸೋದರಮಾವ ಒಂದಕ್ಷರ ಬಿಡದೆ ಇದನ್ನೇ ಹೇಳಿದ್ದರು.

ನಮ್ಮ ತರಗತಿ ನಡೆಯುತ್ತಿದ್ದದ್ದು ಸಮುದಾಯ ಭವನದಲ್ಲಿ. ಗಣಪತಿ ಹಬ್ಬದ ಚಂದಾದಲ್ಲಿ ಉಳಿದ ದುಡ್ಡಿನಿಂದ ಯುವಕ ಸಂಘದವರು ಒಂದು ಬೋರ್ಡು, ಎರಡು ಟ್ಯೂಬ್‌ಲೈಟು ತಂದಿದ್ದರು. ಗಣಿತಕ್ಕೆ ಊರಿನ ನಿವೃತ್ತ ಮಾಸ್ತರು, ಫಿಸಿಕ್ಸಿಗೆ ಪಕ್ಕದೂರಿನ ಹೈಸ್ಕೂಲ್ ಟೀಚರ್. ಮಾಸ್ತರು ಉತ್ತರ ಬಂದ ಮೇಲೂ ಬಿಡುತ್ತಿರಲಿಲ್ಲ. ಉಳಿದ ಮೂರು ಆಯ್ಕೆ ಯಾಕೆ ತಪ್ಪು ಅಂತ ಒಂದೊಂದಾಗಿ ಹೇಳಿಸುತ್ತಿದ್ದರು. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಾದರೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ ಅಂತ ದಿನಾ ಹೇಳುತ್ತಿದ್ದರು. ಇನ್ನೊಂದು ಮಾತನ್ನು ಅದಕ್ಕಿಂತ ಜಾಸ್ತಿ ಹೇಳುತ್ತಿದ್ದರು: ರ‍್ಯಾಂಕಿನಲ್ಲಿ ಎಂಜಿನಿಯರಿಂಗಿಗೆ ಅರ್ಧ ಪಾಲು ಪಿಯು ಅಂಕದ್ದು, ಅರ್ಧ ಸಿಇಟಿಯದ್ದು, ಆದ್ದರಿಂದ ಮೊದಲು ಪಠ್ಯಪುಸ್ತಕದ ಲೆಕ್ಕ ಮುಗಿಸಿ. ಇದನ್ನು ನಿಮ್ಮ ನೆಂಟರಿಗೂ ಹೇಳಿ. ಸಿಇಟಿಗೆ ಅಂತ ಲಕ್ಷ ಸುರಿದು ಪಿಯು ಪಾಠ ಬಿಟ್ಟವರನ್ನು ನಾನು ನೋಡಿದ್ದೇನೆ.

ಪಾಠದ ವಿಷಯದಲ್ಲಿ ನನಗೆ ಒಂದು ಕೊರತೆಯೂ ಆಗಲಿಲ್ಲ. ಒಳ್ಳೆಯ ರ‍್ಯಾಂಕೇ ಬಂತು. ಪೆಟ್ಟು ಬಿದ್ದದ್ದು ಆಮೇಲೆ.

ಪರೀಕ್ಷೆ ಮುಗಿದ ದಿನವೇ ತರಗತಿಯೂ ಮುಗಿಯಿತು. ಮಾಸ್ತರು ಪೇಡೆ ಹಂಚಿದರು, ಭವನಕ್ಕೆ ಬೀಗ ಬಿತ್ತು, ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಇನ್ನೇನಿದ್ದರೂ ರ‍್ಯಾಂಕ್ ಪ್ರಕಾರ ಸೀಟು ತಾನಾಗಿ ಬರುತ್ತದೆ ಅಂತ ನಾವೆಲ್ಲ ತಿಳಿದಿದ್ದೆವು. ಹಾಗೆ ಬರುವುದಿಲ್ಲ. ಕಾಲೇಜು, ಕೋರ್ಸುಗಳನ್ನು ಒಂದರ ಕೆಳಗೊಂದು ಬರೆದು ಆನ್‌ಲೈನಲ್ಲಿ ಹಾಕಬೇಕು. ಆಪ್ಷನ್ ಎಂಟ್ರಿ ಅನ್ನುವುದು ಇದಕ್ಕೇ. ನಾನು ತಾಲ್ಲೂಕಿನ ಒಂದು ಸೈಬರ್‌ಗೆ ಹೋಗಿ ಸರದಿಯಲ್ಲಿ ನಿಂತೆ. ಅಲ್ಲಿ ಸೇರಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಿನ್ನ ರ‍್ಯಾಂಕಿಗೆ ಖಾತ್ರಿ ಸಿಗೋದನ್ನ ಮೊದಲು ಹಾಕು. ದೊಡ್ಡದನ್ನ ಮೇಲೆ ಹಾಕಿ ಅದು ಸಿಗಲಿಲ್ಲ ಅಂದ್ರೆ ಕೆಳಗಿಂದೂ ಕೈಬಿಟ್ಟು ಹೋಗ್ತದ."

ಕೇಳಿದರೆ ಸರಿ ಅನ್ನಿಸುತ್ತದೆ ಅಲ್ವಾ? ಪೂರ್ತಿ ಉಲ್ಟಾ. ನಾನು ಅದನ್ನು ನಂಬಿ ಹತ್ತಿರದ ಪಟ್ಟಣದ ಒಂದು ಖಾಸಗಿ ಕಾಲೇಜನ್ನು ಮೊದಲನೇ ಆಪ್ಷನ್ ಮಾಡಿದೆ. ನಿಜವಾಗಿ ಹೋಗಬೇಕು ಅಂದುಕೊಂಡಿದ್ದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳೆಲ್ಲ ಅದರ ಕೆಳಗೆ ಹೋದವು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗಲೂ ಪ್ರತಿ ವರ್ಷ ಮಕ್ಕಳು ಇದೇ ತಪ್ಪು ಮಾಡುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನಾಗಿ ಕರೆಯುತ್ತದೆ ಅಂದುಕೊಳ್ಳಿ. ನಿಮ್ಮ ತಂಗಿಯ ಸರದಿ ಬಂದಾಗ ಅವಳ ಪಟ್ಟಿಯನ್ನು ಮೇಲಿಂದ ಓದುತ್ತದೆ. ಮೊದಲನೇದರಲ್ಲಿ ಅವಳ ಮೀಸಲಾತಿ ವರ್ಗಕ್ಕೆ ಸೀಟಿದೆಯಾ? ಇಲ್ಲ. ಎರಡನೇದು? ಇಲ್ಲ. ಮೂರನೇದು? ಇದೆ. ಅಲ್ಲಿಗೆ ನಿಂತಿತು, ಅದೇ ಅವಳದು. ಅದರ ಕೆಳಗೆ ಏನಿದೆ ಅಂತ ಕಂಪ್ಯೂಟರು ತಿರುಗಿಯೂ ನೋಡುವುದಿಲ್ಲ. ಮೇಲಿನ ಎರಡು ಸಿಗಲಿಲ್ಲ ಅಂತ ಮೂರನೇದರ ಮೇಲೆ ಅವಳಿಗಿರುವ ಹಕ್ಕು ಕೂದಲೆಳೆಯಷ್ಟೂ ಕಡಿಮೆ ಆಗುವುದಿಲ್ಲ. ಅವಳಿಗಿಂತ ಹಿಂದಿನ ರ‍್ಯಾಂಕಿನವರು ಅದೇ ಕಾಲೇಜನ್ನು ಮೊದಲನೇದಾಗಿ ಹಾಕಿದ್ದರೂ ಅವರ ಸರದಿ ಅವಳಾದ ಮೇಲೆಯೇ. ಅಂದರೆ ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಖಾತ್ರಿ ಸಿಗುವುದನ್ನು ಮೇಲೆ ಹಾಕಿದರೆ ಮಾತ್ರ ಕೆಳಗಿನದೆಲ್ಲ ಹೋಯಿತು.

ತಿದ್ದಿಕೊಳ್ಳಲು ಅವಕಾಶ ಇತ್ತು. ನಿಜವಾದ ಹಂಚಿಕೆಗೆ ಮೊದಲು ಮಾಕ್ ಅಲಾಟ್‌ಮೆಂಟ್ ಅಂತ ಬಿಡುತ್ತಾರೆ. ಈಗಿರುವ ಪಟ್ಟಿ ಪ್ರಕಾರ ಏನು ಸಿಗಬಹುದು ಅಂತ ಅದರಲ್ಲಿ ಕಾಣುತ್ತದೆ, ನೋಡಿಕೊಂಡು ಆಪ್ಷನ್ ಬದಲಿಸಬಹುದು. ನನಗೆ ಮೊದಲನೇ ಆಪ್ಷನ್ನೇ ಬಂದಿತ್ತು. ಬದಲಿಸುವುದೇನಿದೆ ಅಂತ ಖುಷಿಯಿಂದ ಮನೆಗೆ ಬಂದೆ. ಮೊದಲ ಸುತ್ತಿನ ನಂತರವೂ "ಚಾಯ್ಸ್ 2" ಅಂತ ಒಂದು ದಾರಿ ಇದೆ: ಸಿಕ್ಕ ಸೀಟು ಇಟ್ಟುಕೊಂಡು, ಶುಲ್ಕ ಕಟ್ಟಿ, ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್‌ಗೆ ಕಾಯುವುದು. ನನ್ನ ಪಾಲಿಗೆ ಅದೂ ಇರಲಿಲ್ಲ. ಸಿಕ್ಕಿದ್ದೇ ಒಂದನೇದು, ಕಾಯಲು ಅದರ ಮೇಲೆ ಏನಿತ್ತು?

ನನಗಿಂತ ಹಿಂದಿನ ರ‍್ಯಾಂಕಿನ ಗೆಳೆಯನಿಗೆ ಸರ್ಕಾರಿ ಕಾಲೇಜು ಸಿಕ್ಕಿತು. ನಮ್ಮದೇ ತರಗತಿಯವನು, ನನ್ನದೇ ವರ್ಗದವನು. ಅವನ ಅಕ್ಕ ಡಿಗ್ರಿ ಓದಿದ್ದಳು, ಪಟ್ಟಿ ಹಾಕುವಾಗ ಪಕ್ಕದಲ್ಲಿ ಕೂತಿದ್ದಳು. ನನ್ನ ಕಾಲೇಜಿನ ಶುಲ್ಕ ಅವನದರ ಹೆಚ್ಚು ಕಡಿಮೆ ಎರಡು ಪಟ್ಟು. ಅವನಿಗೆ ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್, ನನಗೆ ಬೆಳಗ್ಗೆ ಸಂಜೆ ಬಸ್ಸು. ಅಪ್ಪ ಎರಡು ಎಕರೆ ಲಾವಣಿಗೆ (ಗುತ್ತಿಗೆಗೆ) ಹಾಕಿದರು. ನಾನು ಕೆಲಸಕ್ಕೆ ಸೇರಿ ಎಷ್ಟೋ ದಿನದ ಮೇಲೆ ಆ ಹೊಲ ಮತ್ತೆ ನಮ್ಮ ಕೈಗೆ ಬಂತು. ಮಾಸ್ತರ ಮನೆ ನಮ್ಮ ಮನೆಯಿಂದ ಎರಡೇ ಓಣಿ ಆಚೆ ಇತ್ತು. ತರಗತಿ ಮುಗಿಯಿತಲ್ಲ ಅಂತ ನಾನು ಹೋಗಿ ಕೇಳಲಿಲ್ಲ, ಕೆಲಸ ಮುಗಿಯಿತಲ್ಲ ಅಂತ ಅವರೂ ಕರೆಯಲಿಲ್ಲ.

ಆದ್ದರಿಂದ "ಕೋಚಿಂಗಿನಷ್ಟು ಚೆನ್ನಾಗಿ ಪಾಠ ಆಗುತ್ತಾ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಾಠ ಎಲ್ಲಾದರೂ ಸಿಗುತ್ತದೆ. ಸಂಘದವರನ್ನು ನೀವು ಕೇಳಬೇಕಾದದ್ದು: ಪರೀಕ್ಷೆ ಮುಗಿದ ಮೇಲೆ ನೀವು ಇರುತ್ತೀರಾ? ಅರ್ಜಿ, ದಾಖಲೆ, ಆಪ್ಷನ್, ಹಾಸ್ಟೆಲ್, ಸ್ಕಾಲರ್‌ಶಿಪ್ ಇದಕ್ಕೆಲ್ಲ ಯಾರು ಕೂರುತ್ತೀರಿ? ಹಳ್ಳಿಯ ಮಕ್ಕಳು ಕೈಬಿಟ್ಟು ಹೋಗುವುದು ಅಲ್ಲಿ. ದುಡ್ಡು ಕೊಟ್ಟ ಕೋಚಿಂಗು ಅಲ್ಲಿಯವರೆಗೆ ಬರುವುದೂ ಕಡಿಮೆ.

ಈಗ ನಮ್ಮೂರಿನ ಸಂಘದಲ್ಲಿ ನಾನೂ ಇದ್ದೇನೆ. ಮದುವೆ ಸೀಸನ್ನಿನಲ್ಲಿ ಸಮುದಾಯ ಭವನ ಸಿಗುವುದಿಲ್ಲ, ನಮಗೆ ಜಾಗ ಬೇಕಾಗುವುದು ಆಗಲೇ. ಅದಕ್ಕೆ ಪಂಚಾಯ್ತಿ ಗ್ರಂಥಾಲಯಕ್ಕೆ ಬಂದೆವು. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಅಂತ ಹೆಸರು, ಎಷ್ಟೋ ಕಡೆ ಕಂಪ್ಯೂಟರೂ ಇಂಟರ್ನೆಟ್ಟೂ ಇದೆ. ನಿಮ್ಮೂರಿನದನ್ನೂ ಒಮ್ಮೆ ಹೋಗಿ ನೋಡಿ.

ಆಪ್ಷನ್ ಎಂಟ್ರಿಗೆ ನಾವು ಮಾಡುವುದು ಇಷ್ಟೇ. ಹಿಂದಿನ ವರ್ಷದ ಕಟಾಫ್ ಪಟ್ಟಿ (ಯಾವ ಸೀಟು ಕೊನೆಗೆ ಯಾವ ರ‍್ಯಾಂಕಿಗೆ ಹೋಯಿತು ಅನ್ನುವುದು) ನೋಡಿ ಒಂದೊಂದು ಕಾಲೇಜು, ಕೋರ್ಸಿಗೆ ಒಂದೊಂದು ಚೀಟಿ ಬರೆಯುತ್ತೇವೆ. ಜಮಖಾನದ ಮೇಲೆ ಚೀಟಿಗಳನ್ನು ಉದ್ದಕ್ಕೆ ಜೋಡಿಸುತ್ತೇವೆ. ಅಪ್ಪ ಅಮ್ಮ ಇಬ್ಬರೂ ಕೂರಲೇಬೇಕು. ಪಕ್ಕಪಕ್ಕದ ಎರಡು ಚೀಟಿ ತೋರಿಸಿ ಒಂದೇ ಪ್ರಶ್ನೆ ಕೇಳುತ್ತೇವೆ: "ಇವೆರಡೂ ಸಿಕ್ಕರೆ ಯಾವುದಕ್ಕೆ ಹೋಗ್ತೀಯ?" ಅದು ಮೇಲೆ, ಇನ್ನೊಂದು ಕೆಳಗೆ. ಸಿಗುತ್ತಾ ಇಲ್ಲವಾ ಅನ್ನುವ ಮಾತೇ ಆಡಬಾರದು. ಒಮ್ಮೆ ಒಬ್ಬರು ತಾಯಿ ಸುಮ್ನೆ ನೋಡುತ್ತಾ ಕೂತಿದ್ದವರು ಗದಗಿನ ಚೀಟಿ ಎತ್ತಿ ಹುಬ್ಬಳ್ಳಿಯದರ ಮೇಲಿಟ್ಟರು. ಗದಗಿನಲ್ಲಿ ಅವರ ತಂಗಿ ಮನೆ ಇದೆ, ಜ್ವರ ಬಂದರೆ ನೋಡಿಕೊಳ್ಳುವವರು ಇದ್ದಾರೆ ಅಂದರು. ಮಗಳು ಒಪ್ಪಿದಳು. ಇಂಥ ಲೆಕ್ಕ ಯಾವ ಕಟಾಫ್ ಪಟ್ಟಿಯಲ್ಲಿ ಇರುತ್ತದೆ? ಅದಕ್ಕೇ ಇದನ್ನು ಊರಿನಲ್ಲಿ ಕೂತು, ಮನೆಯವರನ್ನು ಕೂರಿಸಿಕೊಂಡೇ ಮಾಡಬೇಕು.

ನಿಮ್ಮ ತಂಗಿ ಪಿಸಿಎಂಬಿ (ಜೀವಶಾಸ್ತ್ರವೂ ಇರುವ ವಿಜ್ಞಾನ) ಅಂದಿರಿ. ಹಾಗಾದರೆ ಬಿಎಸ್ಸಿ ಕೃಷಿಯನ್ನು ಪಟ್ಟಿಯಿಂದ ಬಿಡಬೇಡಿ. ಅದೂ ಸಿಇಟಿ ಮೂಲಕವೇ. ನಿಮ್ಮದು ಒಕ್ಕಲುತನದ ಮನೆಯಾದರೆ ಕೃಷಿಕರ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಕಳೆ, ಗೊಬ್ಬರ, ಸಲಕರಣೆ ಗುರುತಿಸಬೇಕು. ಇದನ್ನು ಕಲಿಸಲು ಲಕ್ಷ ಕೊಡಬೇಕಾ ಹೇಳಿ. ನಮ್ಮಲ್ಲಿ ಗೊಬ್ಬರದಂಗಡಿಯಿಂದ ಒಂದೊಂದು ಹಿಡಿ ಯೂರಿಯಾ, ಡಿಎಪಿ, ಪೊಟ್ಯಾಷ್ ತಂದು ತಟ್ಟೆಯಲ್ಲಿ ಇಡುತ್ತೇವೆ. ಕಾಳು ತಂದು ಮಕ್ಕಳ ಮುಂದೆ ಸುರಿದು ವಿಂಗಡಿಸಲು ಹೇಳುವವರು ಊರಿನ ಹೆಂಗಸರೇ. ಅಲಸಂದೆಗೂ ಹೆಸರುಕಾಳಿಗೂ ಮಡಕೆಕಾಳಿಗೂ ವ್ಯತ್ಯಾಸ ಅವರಷ್ಟು ಚೆನ್ನಾಗಿ ಹೇಳುವ ಲೆಕ್ಚರರ್ ನನಗಂತೂ ಸಿಕ್ಕಿಲ್ಲ.

ದಾಖಲೆಗಳನ್ನು ಈಗಲೇ ಶುರು ಮಾಡಿ, ಅರ್ಜಿ ಕರೆಯುವವರೆಗೆ ಕಾಯಬೇಡಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ನಾಡಕಚೇರಿಯಿಂದ. 1ರಿಂದ 10ರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿಯ ಪ್ರಮಾಣಪತ್ರ, ಕನ್ನಡದಲ್ಲೇ ಓದಿದ್ದರೆ ಕನ್ನಡ ಮಾಧ್ಯಮದ್ದು. ಮುಖ್ಯಶಿಕ್ಷಕರ ಸಹಿಯಷ್ಟೇ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಬೇಕು. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ತನ್ನಿ. ನೀವು ಕಲ್ಯಾಣ ಕರ್ನಾಟಕದವರಾದರೆ 371ಜೆ ಮೀಸಲಾತಿಯ ಪ್ರಮಾಣಪತ್ರ ಮರೆಯಲೇಬಾರದು, ಆ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಅದರಡಿ, ಉಳಿದ ಕಡೆ 8. ಹೆಸರು, ಇನಿಷಿಯಲ್ಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ ಇದ್ದರೆ ಇವತ್ತೇ ಸರಿ ಮಾಡಿಸಿ. ತಂಗಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಇಲ್ಲದಿದ್ದರೆ ಸ್ಕಾಲರ್‌ಶಿಪ್ ಮಂಜೂರಾದರೂ ಕೈಗೆ ಬರುವುದಿಲ್ಲ.

ಸಾಲ ತರಬೇಕು ಅಂತಿದ್ದೀರಲ್ಲ, ಕೋಚಿಂಗಿಗೆ ಬೇಡ. ಮನೆಯಲ್ಲಿ ಒಂದಿಷ್ಟು ದುಡ್ಡು ಇದ್ದರೆ ಮೊದಲ ವರ್ಷಕ್ಕೆ ಎತ್ತಿಡಿ. ಎಸ್‌ಎಸ್‌ಪಿ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದ ಸ್ಕಾಲರ್‌ಶಿಪ್ ತಿಂಗಳುಗಟ್ಟಲೆ ತಡವಾಗಿ ಬರುವುದುಂಟು, ಕಾಲೇಜು ಅಲ್ಲಿಯವರೆಗೆ ಕಾಯುವುದಿಲ್ಲ. ಹಾಸ್ಟೆಲ್ ಸಿಗದೆ ಬಾಡಿಗೆ ರೂಮಿನಲ್ಲಿರುವ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ ಇಷ್ಟು ಅಂತ 10 ತಿಂಗಳು. ಅದೂ ಅಷ್ಟೇ, ಖರ್ಚು ಮೊದಲು, ದುಡ್ಡು ಆಮೇಲೆ. ಧಾರವಾಡದ ಹೆಸರು ಎತ್ತಿದ್ದಕ್ಕೆ ಹೇಳುತ್ತೇನೆ, ಅಲ್ಲಿನ ವಿದ್ಯಾಪೋಷಕ್ ಸಂಸ್ಥೆ 2001ರಿಂದ ಓದುವ ಬಡ ಮಕ್ಕಳ ಬೆನ್ನಿಗೆ ನಿಂತಿದೆ. ಅದಕ್ಕೂ ಅರ್ಜಿ ಹಾಕಿಸಿ.

ಇನ್ನು ಹುಡುಗಿ ಅನ್ನುವ ಕಾರಣಕ್ಕೆ ನಿಮ್ಮ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ಹತ್ತಿರದ ಕಾಲೇಜೇ ಸಾಕು." ಅದು ಜುಲೈನಲ್ಲಿ ಬಂದರೆ ಅಪ್ಪನ ಮನಸ್ಸು ತಿರುಗಿಸಲು ಟೈಮ್ ಇರುವುದಿಲ್ಲ. ನಾವು ಹಾಸ್ಟೆಲ್‌ ನೋಡಲು ಹೆತ್ತವರನ್ನೇ ಮುಂಚಿತವಾಗಿ ಕರೆದುಕೊಂಡು ಹೋಗುತ್ತೇವೆ, ನಮ್ಮೂರಿನ ಯಾರಾದರೂ ಹುಡುಗಿ ಅಲ್ಲಿದ್ದರೆ ಅವಳ ಹತ್ತಿರವೇ ಮಾತಾಡಿಸುತ್ತೇವೆ. ಗೇಟು, ವಾರ್ಡನ್ನು, ಊಟದ ಕೋಣೆ ಕಣ್ಣಾರೆ ನೋಡಿದ ಅಪ್ಪಂದಿರು ಬೇಡ ಅಂದದ್ದು ಕಡಿಮೆ. ನಿಮ್ಮ ಸಂಘ ಇದನ್ನು ಮಾಡದಿದ್ದರೆ ಅಣ್ಣನಾಗಿ ನೀವು ಮಾಡಿ.

ಸಂಘದವರು "ಪರೀಕ್ಷೆವರೆಗೆ ಮಾತ್ರ ನಾವು" ಅಂದರೂ ತರಗತಿ ಬಿಡಿಸಬೇಡಿ. ಆಮೇಲಿನದಕ್ಕೆ ನೀವು ಕೂರಿ, ಈಗಾಗಲೇ ಕಾಲೇಜಿನಲ್ಲಿರುವ ಊರಿನ ಒಂದಿಬ್ಬರನ್ನು ಕರೆಯಿರಿ, ಬೇರೆ ಮಕ್ಕಳ ಪಟ್ಟಿಯನ್ನೂ ಜೊತೆಗೇ ನೋಡಿ. ಮಾಕ್ ಅಲಾಟ್‌ಮೆಂಟ್ ಬಂದ ದಿನ ಕೆಲಸಕ್ಕೆ ರಜೆ ಹಾಕಿ. ಮೊದಲನೇ ಆಪ್ಷನ್ನೇ ಬಂದಿದ್ದರೆ ಅದರ ಕೆಳಗಿನದನ್ನೆಲ್ಲ ಇನ್ನೊಮ್ಮೆ ಓದಿಸಿ, ಅದರಲ್ಲಿ ಇದಕ್ಕಿಂತ ಇಷ್ಟವಾದದ್ದು ಯಾವುದಾದರೂ ಇದೆಯಾ ಅಂತ ತಂಗಿಯನ್ನೇ ಕೇಳಿ. ಇದ್ದರೆ ಅವತ್ತೇ ಮೇಲೆ ತನ್ನಿ. ಕೊನೆಯ ದಿನಕ್ಕೆ ಬಿಡಬೇಡಿ, ಸರ್ವರ್ ಕೈಕೊಡುತ್ತದೆ.