ಜಿಐಎಸ್ ಓದಲು ಒಂಟಾರಿಯೋಗೆ ಬರುವ ಸರ್ವೇಯರ್‌ಗೆ

ನಮಸ್ಕಾರ. ನಿಮ್ಮ ಪತ್ರ ಓದಿದೆ. ಹುಬ್ಬಳ್ಳಿಯಲ್ಲಿ ಸಿವಿಲ್ ಮುಗಿಸಿ ಸರ್ವೆ ಕೆಲಸದಲ್ಲಿದ್ದೀನಿ, ಸೆಪ್ಟೆಂಬರ್‌ಗೆ ಕೆನಡಾದ ಒಂಟಾರಿಯೋದಲ್ಲಿ ಒಂದು ವರ್ಷದ ಅಪ್ಲೈಡ್ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ, ಸ್ಥಳದ ಮಾಹಿತಿ ನಿಭಾಯಿಸುವ ವಿದ್ಯೆ) ಕೋರ್ಸ್‌ಗೆ ಬರ್ತಿದ್ದೀನಿ, ಪರೀಕ್ಷೆಗಿಂತ ಲ್ಯಾಬ್‌ಗೆ ಮತ್ತು ಗುಂಪು ಪ್ರಾಜೆಕ್ಟ್‌ಗೇ ಜಾಸ್ತಿ ಅಂಕವಂತೆ, ಪ್ರೋಗ್ರಾಮಿಂಗ್ ಬರಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಇಂಥದ್ದೇ ಕೋರ್ಸ್ ಮಾಡಿದವನು. ಈಗ ಟೊರಾಂಟೊ ಪಕ್ಕದ ಒಂದು ನಗರಸಭೆಯಲ್ಲಿ ಮಳೆನೀರು ಪೈಪು, ಕಾಲುವೆಗಳ ನಕ್ಷೆ ನೋಡಿಕೊಳ್ಳುತ್ತೇನೆ. ಪ್ರೋಗ್ರಾಮಿಂಗ್ ಚಿಂತೆ ಬಿಡಿ, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯನ್ನು ಕೋರ್ಸ್‌ನಲ್ಲಿ ಅವರೇ ಮೊದಲಿಂದ ಕಲಿಸುತ್ತಾರೆ. ನೀವು ತಯಾರಾಗಬೇಕಾದ್ದು ಗುಂಪಿನಲ್ಲಿ ಬಾಯಿ ಬಿಡೋದಕ್ಕೆ.

ಮೊದಲು ಲ್ಯಾಬ್ ಹೇಗಿರುತ್ತದೆ ಅಂತ ಹೇಳಿಬಿಡ್ತೀನಿ. ಶುರುವಿನ ವಾರಗಳಲ್ಲಿ ಯಾವ ಬಟನ್ ಒತ್ತಬೇಕು ಅನ್ನೋದೂ ಬರೆದು ಕೊಟ್ಟಿರುತ್ತಾರೆ. ಇಷ್ಟೇನಾ ಅನಿಸುತ್ತದೆ. ಅರ್ಧ ಸೆಮಿಸ್ಟರ್ ದಾಟಿದ ಮೇಲೆ ಬರೀ ಪ್ರಶ್ನೆ ಮಾತ್ರ ಇರುತ್ತದೆ. ಲೈಬ್ರರಿಯಿಂದ 15 ನಿಮಿಷ ನಡೆದು ಹೋಗುವಷ್ಟು ದೂರದ ಆಚೆ ಎಷ್ಟು ಮಕ್ಕಳಿದ್ದಾರೆ, ಕಂಡುಹಿಡಿಯಿರಿ ಅಂತ. ರಸ್ತೆ ಡೇಟಾ ನೀವೇ ಹುಡುಕಬೇಕು, ಸೆನ್ಸಸ್ ಟೇಬಲ್ ನೀವೇ ಇಳಿಸಿಕೊಳ್ಳಬೇಕು, ಆ ಟೇಬಲನ್ನು ಪ್ರದೇಶಗಳ ನಕ್ಷೆಗೆ ಜಾಯಿನ್ ಮಾಡಿದರೆ (ಕೋಡ್ ನೋಡಿ ಜೋಡಿಸಿದರೆ) ಒಂದು ಸಾಲೂ ಹೊಂದೋದಿಲ್ಲ, ಯಾಕೆ ಅಂತ ನೋಡಿದರೆ ಪ್ರದೇಶದ ಕೋಡ್ ಒಂದು ಕಡೆ ಟೆಕ್ಸ್ಟ್ ಆಗಿದೆ, ಇನ್ನೊಂದು ಕಡೆ ನಂಬರ್ ಆಗಿದೆ. ಅದು ಸರಿಹೋಯಿತು ಅಂದುಕೊಂಡು 500 ಮೀಟರ್ ಬಫರ್ (ಒಂದು ಜಾಗದ ಸುತ್ತ ಅಷ್ಟು ದೂರದವರೆಗಿನ ವಲಯ) ಹಾಕಿದರೆ ಇಡೀ ಸ್ಕ್ರೀನ್ ತುಂಬುತ್ತದೆ. ಲೇಯರ್ (ನಕ್ಷೆಯ ಆ ಪದರ) ಇನ್ನೂ ಅಕ್ಷಾಂಶ ರೇಖಾಂಶದಲ್ಲೇ ಇತ್ತು, ಸಾಫ್ಟ್‌ವೇರ್ 500 ಡಿಗ್ರಿ ಅಂತ ತಿಳಿದುಕೊಂಡಿತು. ಮೀಟರ್‌ನಲ್ಲಿ ಅಳೆಯಲು ಅದನ್ನು ಮೊದಲು ಯುಟಿಎಂಗೆ (ಭೂಮಿಯನ್ನು ರೇಖಾಂಶದ ಪಟ್ಟಿಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ) ಬದಲಿಸಬೇಕು. ಟೊರಾಂಟೊ ಅದರ 17ನೇ ವಲಯದಲ್ಲಿದೆ, ನಿಮ್ಮ ಹುಬ್ಬಳ್ಳಿ 43ರಲ್ಲಿ. 78 ಡಿಗ್ರಿ ರೇಖಾಂಶ ದಾಟಿದ ಕೋಲಾರ 44ಕ್ಕೆ ಹೋಗುತ್ತದೆ. ಸರ್ವೆ ಮಾಡಿದವರಿಗೆ ಇದು ಬೇಗ ತಲೆಗೆ ಹತ್ತುತ್ತದೆ. ಪಕ್ಕದಲ್ಲಿ ಕೂತ ಎಷ್ಟೋ ಜನಕ್ಕೆ ಹತ್ತೋದಿಲ್ಲ. ಅವರಿಗೆ ಹೇಳಿಕೊಡಿ, ನಿಮಗೇ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಗುಂಪಿನ ವಿಷಯ. ನಮ್ಮ ನಾಲ್ಕು ಜನರ ಗುಂಪಿಗೆ ಬಂದದ್ದು ಪ್ರವಾಹ ನಕ್ಷೆಯ ಕೆಲಸ. ಒಂಟಾರಿಯೋದಲ್ಲಿ ಈ ವಿಷಯಕ್ಕೆ ಯಾಕೆ ಇಷ್ಟು ತೂಕ ಅಂದರೆ, 1954ರ ಅಕ್ಟೋಬರ್ 15ರ ರಾತ್ರಿ ಹೇಜಲ್ ಚಂಡಮಾರುತದ ಮಳೆಗೆ ಹಂಬರ್ ನದಿ ಉಕ್ಕಿ, ಟೊರಾಂಟೊದ ರೇಮೋರ್ ಡ್ರೈವ್ ಅನ್ನೋ ಒಂದೇ ರಸ್ತೆಯಲ್ಲಿ 35 ಜನ ತೀರಿಕೊಂಡರು. ಕೆನಡಾದಲ್ಲಿ ಒಟ್ಟು ಸತ್ತವರು 81 ಜನ. ಆ ಮನೆಗಳಿದ್ದ ಜಾಗ ಈಗ ಪಾರ್ಕು. ಹೇಜಲ್‌ನಷ್ಟೇ ಮಳೆ ಮತ್ತೆ ಸುರಿದರೆ ನೀರು ಎಲ್ಲಿವರೆಗೆ ಬರುತ್ತದೆ ಅಂತ ಲೆಕ್ಕ ಹಾಕಿಯೇ ಟೊರಾಂಟೊ ಸುತ್ತಮುತ್ತ ನದಿ ಪಕ್ಕ ಮನೆ ಕಟ್ಟಲು ಬಿಡಬೇಕೋ ಬೇಡವೋ ಅಂತ ಇವತ್ತಿಗೂ ತೀರ್ಮಾನ ಮಾಡುತ್ತಾರೆ. ಹಾಗಾಗಿ ನಕ್ಷೆಯ ಗೆರೆ ಒಂದು ಮನೆ ಆಚೀಚೆ ಆದರೂ ಅದು ಒಂದು ಸಂಸಾರದ ವಿಷಯ.

ನಮ್ಮಲ್ಲಿ ಒಬ್ಬರು ಹೊಸ ಲೈಡಾರ್‌ನಿಂದ (ವಿಮಾನದಿಂದ ಲೇಸರ್ ಬಿಟ್ಟು ಮಾಡಿದ ಅಳತೆ) ನೆಲದ ಎತ್ತರ ತೆಗೆದರು. ಇನ್ನೊಬ್ಬರು ಹಳೆಯ ವರದಿಯಿಂದ ಪ್ರವಾಹದ ನೀರಿನ ಮಟ್ಟ ತಂದರು. ಒಂದರ ಮೇಲೊಂದು ಇಟ್ಟರೆ ಚಂದದ ನಕ್ಷೆ ಬಂತು, ನೀಲಿ ಬಣ್ಣ ಬೀದಿಯೊಳಗೆಲ್ಲ ಹರಡಿತ್ತು. ಪ್ರೆಸೆಂಟೇಶನ್‌ಗೆ ಇದೇ ಸಾಕು ಅಂತ ಇಬ್ಬರು ಹೊರಟೇಬಿಟ್ಟಿದ್ದರು. ಆಗ ನೈಜೀರಿಯಾದ ಹುಡುಗಿಯೊಬ್ಬಳು, ಅಲ್ಲಿಯವರೆಗೆ ಮೀಟಿಂಗ್‌ನಲ್ಲಿ ಹೆಚ್ಚು ಮಾತಾಡಿದವಳೇ ಅಲ್ಲ, ಎರಡೂ ಫೈಲ್‌ಗಳ ಮೆಟಾಡೇಟಾ (ಫೈಲ್‌ನ ಬಗ್ಗೆಯೇ ಇರುವ ವಿವರ) ತೆಗೆದು ತೋರಿಸಿದಳು. ಹಳೆಯ ಮಟ್ಟಗಳು ಕೆನಡಾದ 1928ರ ಎತ್ತರದ ಡೇಟಮ್‌ನಲ್ಲಿದ್ದವು (ಎತ್ತರವನ್ನು ಎಲ್ಲಿಂದ ಅಳೆಯೋದು ಅನ್ನೋ ಸೊನ್ನೆ ಮಟ್ಟ), ಲೈಡಾರ್ 2013ರದ್ದರಲ್ಲಿತ್ತು. ಟೊರಾಂಟೊ ಹತ್ತಿರ ಇವೆರಡರ ನಡುವೆ ಸುಮಾರು 40 ಸೆಂಟಿಮೀಟರ್ ವ್ಯತ್ಯಾಸವಿದೆ. ಹೊಸದರಲ್ಲಿ ಅದೇ ನೆಲ ಅಷ್ಟು ತಗ್ಗಾಗಿ ಕಾಣುತ್ತದೆ, ನೀರಿನ ಮಟ್ಟ ಮಾತ್ರ ಹಳೆಯ ಲೆಕ್ಕದಲ್ಲೇ ಉಳಿಯುತ್ತದೆ. ಹಾಗಾಗಿ ನೀರು ತಾಗದ ಮನೆಗಳನ್ನೂ ನಾವು ಮುಳುಗಿಸಿದ್ದೆವು. ಸಮತಟ್ಟು ಜಾಗದಲ್ಲಿ 40 ಸೆಂಟಿಮೀಟರ್ ಅಂದರೆ ಕಡಿಮೆಯಲ್ಲ ನೋಡಿ.

ನಿಮಗೆ ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಸೈಟಿನಲ್ಲಿ ಯಾರಾದರೂ ಆರ್‌ಎಲ್ (ಒಂದು ಜಾಗದ ಎತ್ತರ) ಹೇಳಿದರೆ, ಯಾವ ಬೆಂಚ್‌ಮಾರ್ಕ್‌ನಿಂದ (ಎತ್ತರ ಗೊತ್ತಿರುವ ಗುರುತು) ತಂದಿದ್ದು ಅಂತ ನೀವು ಕೇಳೇ ಕೇಳ್ತೀರಿ ಅಲ್ವಾ? ಅದೇ ಪ್ರಶ್ನೆ. ಅದನ್ನು ಗುಂಪಿನ ಮೊದಲ ಮೀಟಿಂಗ್‌ನಲ್ಲೇ ಕೇಳಿ. ಇಂಗ್ಲಿಷ್ ತಡವರಿಸಿದರೂ ಕೇಳಿ. ನಮ್ಮ ಕಡೆಯಿಂದ ಬಂದವರು ಸಾಫ್ಟ್‌ವೇರ್ ಕೆಲಸವನ್ನೆಲ್ಲ ತಲೆ ಮೇಲೆ ಹೊತ್ತು ರಾತ್ರಿಯಿಡೀ ಕೂತು ಮುಗಿಸುತ್ತಾರೆ, ವರದಿ ಬರೆಯೋದು, ಎದ್ದು ನಿಂತು ಮಾತಾಡೋದು ಬೇರೆಯವರಿಗೆ ಬಿಡುತ್ತಾರೆ. ಇದನ್ನು ತುಂಬಾ ನೋಡಿದ್ದೀನಿ, ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಎಷ್ಟೋ ಕೋರ್ಸ್‌ಗಳಲ್ಲಿ ಗುಂಪಿನವರೇ ಒಬ್ಬರಿಗೊಬ್ಬರು ಅಂಕ ಕೊಡುತ್ತಾರೆ, ಕಾಣದ ಕೆಲಸಕ್ಕೆ ಅಂಕ ಬೀಳೋದಿಲ್ಲ. ಆಮೇಲೆ ಕೆಲಸದ ಇಂಟರ್‌ವ್ಯೂನಲ್ಲಿ ಕೇಳೋದೂ ಇದನ್ನೇ: ಆ ಪ್ರಾಜೆಕ್ಟ್‌ನಲ್ಲಿ ನೀನು ಏನು ಮಾಡಿದೆ, ಭಿನ್ನಾಭಿಪ್ರಾಯ ಬಂದಾಗ ಹೇಗೆ ಬಗೆಹರಿಸಿದಿರಿ. ಮಾತಾಡಿದರೆ ಇಲ್ಲಿ ಯಾರೂ ಜಂಭ ಅಂದುಕೊಳ್ಳಲ್ಲ. ಮೇಷ್ಟ್ರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಮೊದಮೊದಲು ನಾಲಿಗೆ ಹೊರಳೋದಿಲ್ಲ, ಆಮೇಲೆ ಸರಿಹೋಗುತ್ತದೆ.

ಚಿಕ್ಕಪುಟ್ಟ ವಿಷಯಗಳು. ಮ್ಯಾಕ್ ತರಬೇಡಿ, ಆರ್ಕ್‌ಜಿಐಎಸ್ ಪ್ರೊ ಅನ್ನೋ ನಕ್ಷೆ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ ಬರುತ್ತದೆ. ಶೇಪ್‌ಫೈಲ್ (ಹಲವು ಫೈಲ್ ಸೇರಿ ಆಗುವ ನಕ್ಷೆ ಡೇಟಾ) ಕಳಿಸುವಾಗ ಎಸ್‌ಎಚ್‌ಪಿ ಒಂದನ್ನೇ ಕಳಿಸಿದರೆ ಗೆಳೆಯರ ಹತ್ತಿರ ತೆರೆಯಲ್ಲ, ಜೊತೆಗಿನ ಫೈಲ್‌ಗಳನ್ನೆಲ್ಲ ಜಿಪ್ ಮಾಡಿ, ಅಥವಾ ಎಲ್ಲ ಒಂದೇ ಫೈಲ್‌ನಲ್ಲಿರುವ ಜಿಯೋಪ್ಯಾಕೇಜ್ ಬಳಸಿ. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ಕೆಲಸ ಮಾಡಬಹುದು, ಆದರೆ ಪ್ರಾಜೆಕ್ಟ್ ಗಡುವಿನ ವಾರಗಳಲ್ಲಿ ಅಷ್ಟು ಶಿಫ್ಟ್ ಒಪ್ಪಿಕೊಳ್ಳಬೇಡಿ. ಇನ್ನೊಂದು, ಇದು ಮುಖ್ಯ: 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದ ಕಾಲೇಜು ವಿದ್ಯಾರ್ಥಿಗಳಿಗೆ, ಓದಿದ ಮೇಲಿನ ವರ್ಕ್ ಪರ್ಮಿಟ್ ಸಿಗೋದು ಕೋರ್ಸ್ ಯಾವ ವಿಭಾಗಕ್ಕೆ ಸೇರಿದೆ ಅನ್ನೋದರ ಮೇಲೆ. ನಿಮ್ಮ ಕೋರ್ಸ್‌ನ ಸಿಐಪಿ ಕೋಡ್ (ಆ ವಿಭಾಗ ಸೂಚಿಸುವ ಸಂಖ್ಯೆ) ಏನು ಅಂತ ಕಾಲೇಜಿಗೆ ಬರೆದು ಕೇಳಿ, ಸರ್ಕಾರದ ಪಟ್ಟಿಯಲ್ಲಿ ಅದು ಇದೆಯಾ ಅಂತ ನೀವೇ ನೋಡಿ, ಏಜೆಂಟ್ ಮಾತು ನಂಬಿ ಕೂರಬೇಡಿ.

ಹೊರಡೋ ಮುಂಚೆ ಸಮಯವಿದ್ದರೆ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಟೊರಾಂಟೊ ನಗರದ ಓಪನ್ ಡೇಟಾದಿಂದ ಶಾಲೆ, ಪಾರ್ಕು, ರಸ್ತೆ ಇಳಿಸಿಕೊಂಡು ಒಂದು ನಕ್ಷೆ ಮಾಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನಗೆ ಬರೆಯಿರಿ, ಸ್ಕ್ರೀನ್‌ಶಾಟ್ ಜೊತೆ ಆ ಲೇಯರ್‌ನ ಪ್ರೊಜೆಕ್ಷನ್ (ಯುಟಿಎಂನಂಥ ಅಳತೆ ಪದ್ಧತಿ) ಯಾವುದು ಅಂತಾನೂ ಹಾಕಿ.