ಕೋಡ್ ಸರಿಯಿದ್ದರೂ ಎಐ ಏಜೆಂಟ್ ತಪ್ಪು ಟೂಲ್ ಕರೆಯುತ್ತದೆ. ಟೂಲ್ ವಿವರಣೆ ಹೇಗೆ ಬರೆಯಬೇಕು?

ಮಾರಾಟ, ದಾಸ್ತಾನು, ಬಾಕಿ ತೆಗೆದುಕೊಡುವ ಟೂಲ್‌ಗಳನ್ನು (ಸಣ್ಣ ಪ್ರೋಗ್ರಾಂಗಳನ್ನು) ಏಜೆಂಟ್‌ಗೆ, ಅಂದರೆ ಪ್ರಶ್ನೆ ನೋಡಿ ತಾನೇ ಟೂಲ್ ಆರಿಸಿ ಕರೆಯುವ ಎಐ ಮಾಡೆಲ್‌ಗೆ, ಜೋಡಿಸಿದ್ದೀರಿ. ಒಂದೊಂದನ್ನೇ ಓಡಿಸಿದರೆ ಉತ್ತರ ಸರಿ ಬರುತ್ತದೆ, ಏಜೆಂಟ್ ಕೈಗೆ ಕೊಟ್ಟರೆ ಎಡವುತ್ತದೆ, ಮಾಡೆಲ್ ಬದಲಿಸಲೇ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ವಿವರಣೆ ತಿದ್ದಿ ನೋಡಿ.

ನಾನು ದಾವಣಗೆರೆಯಲ್ಲಿ ಮೆಕ್ಕೆಜೋಳದ ಸಗಟು ವ್ಯಾಪಾರಿಯೊಬ್ಬರಿಗೆ ಇಂಥದ್ದೇ ಒಂದು ಏಜೆಂಟ್ ಮಾಡಿಕೊಟ್ಟಿದ್ದೇನೆ. ಮೊದಲು ಬರೆದ ವಿವರಣೆ ಇಷ್ಟೇ: ‘ಪಾರ್ಟಿಯ ಬಾಕಿ ಕೊಡುತ್ತದೆ.’ ನನಗೆ ಅರ್ಥವಾಗುತ್ತಿತ್ತು, ಏಕೆಂದರೆ ಕೋಡ್ ಬರೆದವನು ನಾನು. ಮಾಡೆಲ್‌ಗೆ ಕೋಡ್ ಕಾಣುವುದಿಲ್ಲ, ನಿಮ್ಮ ಡೇಟಾಬೇಸ್‌ನ ಟೇಬಲ್‌ಗಳೂ ಕಾಣುವುದಿಲ್ಲ. ಎಂಸಿಪಿ (ಮಾಡೆಲ್‌ಗೆ ಟೂಲ್ ಜೋಡಿಸುವ ಒಂದು ಸಾಮಾನ್ಯ ವಿಧಾನ) ಮೂಲಕ ಕೊಡಿ, ನಿಮ್ಮ ಪ್ರೋಗ್ರಾಂನಿಂದ ನೇರ ಮಾಡೆಲಿನ ಎಪಿಐಗೆ ಕೊಡಿ, ಕರೆಯುವ ಮುಂಚೆ ಅದಕ್ಕೆ ಸಿಗುವುದು ಟೂಲಿನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ (ಟೂಲಿಗೆ ತುಂಬಿಕೊಡಬೇಕಾದ ಮಾಹಿತಿಯ) ಪಟ್ಟಿ, ಅಷ್ಟೇ. ಅಂಗಡಿಗೆ ಇವತ್ತೇ ಸೇರಿದ ಗುಮಾಸ್ತನಿಗೆ ಚೀಟಿ ಬರೆದಿಟ್ಟು ನೀವು ಊರಿಗೆ ಹೋದ ಹಾಗೆ. ಚೀಟಿಯಲ್ಲಿ ಇಲ್ಲದ್ದನ್ನು ಅವನು ಊಹೆ ಮಾಡಿಯೇ ಮಾಡುತ್ತಾನೆ.

ಒಂದು ದಿನ ಸಾಹುಕಾರರು ‘ಮೆಕ್ಕೆಜೋಳ ಬಾಕಿ ಎಷ್ಟೈತಿ ನೋಡಪ್ಪ’ ಅಂದರು. ಅವರು ಕೇಳಿದ್ದು ಗೋದಾಮಿನಲ್ಲಿ ಉಳಿದ ಮಾಲು. ಏಜೆಂಟ್ ಹೇಳಿದ್ದು ಪಾರ್ಟಿಗಳಿಂದ ಬರಬೇಕಾದ ದುಡ್ಡು. ಆ ಅಂಗಡಿಯಲ್ಲಿ ಬಾಕಿ ಅಂದರೆ ಮೂರು: ಪಾರ್ಟಿ ನಮಗೆ ಕೊಡಬೇಕಾದದ್ದು, ರೈತರಿಗೆ ನಾವು ಕೊಡಬೇಕಾದದ್ದು, ಉಳಿದಿರುವ ಸ್ಟಾಕು. ಹಳೇ ಗುಮಾಸ್ತರಿಗೆ ಕೇಳಿದ ಧಾಟಿಯಲ್ಲೇ ಯಾವುದೆಂದು ಗೊತ್ತಾಗುತ್ತದೆ.

ಅದು ಕೂಡಲೇ ಗೊತ್ತಾದ್ದರಿಂದ ತೊಂದರೆಯಾಗಲಿಲ್ಲ. ಇನ್ನೊಂದು ಹಾಗಾಗಲಿಲ್ಲ. ಆ ಟೂಲ್ ಬಿಲ್‌ಗಳ ಮೊತ್ತ ಮಾತ್ರ ಕೂಡಿಸುತ್ತಿತ್ತು, ಜಮೆಯಾದ ಹಣ ಬೇರೆ ಟೇಬಲ್‌ನಲ್ಲಿತ್ತು. ಅದನ್ನು ನಂಬಿ ಸಾಹುಕಾರರು ಕೋಳಿ ಆಹಾರ ತಯಾರಿಸುವ ಹಳೇ ಪಾರ್ಟಿಯೊಬ್ಬರಿಗೆ ಫೋನ್ ಮಾಡಿ ಪೂರ್ತಿ ಹಣ ಕೇಳಿದರು. ‘ಹೋದ ವಾರಾನೇ ಹಾಕಿಸೀನಲ್ಲಣ್ಣ, ನನ್ ಮೇಲೆ ನಂಬಿಕೆ ಇಲ್ಲೇನು?’ ಅಂದರಂತೆ ಆ ಕಡೆಯವರು. ವರ್ಷಗಳ ವ್ಯವಹಾರ ಅದು. ಕೋಡ್‌ನಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಮೊತ್ತವನ್ನು ‘ಬಾಕಿ’ ಎಂದು ಬರೆದದ್ದು ನಾನು. ಆ ಮಾತು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಜಮೆ ಕಳೆಯುವ ಟೂಲ್ ಬೇರೆ ಮಾಡಿ, ಅದರ ವಿವರಣೆ ಹೀಗೆ ಬರೆದೆ:

‘ಒಂದು ಪಾರ್ಟಿ ನಮಗೆ ಇನ್ನೂ ಕೊಡಬೇಕಾದ ಹಣ, ರೂಪಾಯಿಯಲ್ಲಿ. ಮಾರಾಟದ ಬಿಲ್‌ಗಳಿಂದ ಜಮೆಯಾದ ಹಣ ಕಳೆದು ಉಳಿದದ್ದು. ಬ್ಯಾಂಕಿಗೆ ಹಾಕಿ ಇನ್ನೂ ಪಾಸಾಗದ ಚೆಕ್ ಕಳೆದಿಲ್ಲ. “ಯಾರು ಎಷ್ಟು ಕೊಡಬೇಕು”, “ವಸೂಲಿ ಎಷ್ಟು ಉಳಿದಿದೆ” ಎಂದು ಕೇಳಿದಾಗ ಬಳಸು. ರೈತರಿಗೆ ಕೊಡಬೇಕಾದ ಹಣಕ್ಕೆ ರೈತ_ಪಾವತಿ, ಗೋದಾಮಿನ ಮಾಲಿಗೆ ದಾಸ್ತಾನು_ನೋಡು ಬಳಸು. ಬರೀ “ಬಾಕಿ” ಎಂದರೆ, ಯಾವ ಬಾಕಿ ಎಂದು ಕೇಳಿದವರನ್ನೇ ಕೇಳು.’

ವಿವರಣೆಯನ್ನು ನಾನು ಬರೆದದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಆದರೆ ಉದ್ಧರಣೆಯೊಳಗಿನ ಪ್ರಶ್ನೆಗಳನ್ನು ಅಂಗಡಿಯಲ್ಲಿ ಆಡುವ ಕನ್ನಡದಲ್ಲೇ ಬಿಟ್ಟೆ, ಜನ ಕೇಳುವುದು ಹಾಗೇ ತಾನೆ. ಏನು ಕೊಡುತ್ತದೆ ಎನ್ನುವುದನ್ನು ಎಲ್ಲರೂ ಬರೆಯುತ್ತಾರೆ. ಏನು ಕೊಡುವುದಿಲ್ಲ, ಅದಕ್ಕೆ ಯಾವ ಟೂಲಿಗೆ ಹೋಗಬೇಕು ಅನ್ನುವ ಎರಡು ಸಾಲು ಸೇರಿಸಿದ ಮೇಲೆಯೇ ನಮ್ಮಲ್ಲಿ ಗೊಂದಲ ಇಳಿದದ್ದು.

ಪ್ಯಾರಾಮೀಟರ್‌ಗಳಿಗೂ ಇದೇ ಕಾಳಜಿ ಬೇಕು. ‘ವರ್ಷ’ ಅಂತ ಬಿಟ್ಟರೆ ಯಾವ ವರ್ಷ? ತೆರಿಗೆಯ ಲೆಕ್ಕ ಏಪ್ರಿಲ್ 1ರಿಂದ ಮಾರ್ಚ್ 31, ದೀಪಾವಳಿಗೆ ಹೊಸ ಖಾತೆ ತೆರೆಯುವ ಅಂಗಡಿಗಳೂ ಇವೆ. ನಾನು ‘ವರ್ಷ’ ತೆಗೆದುಹಾಕಿ ಆರಂಭ ದಿನ, ಕೊನೆ ದಿನ ಇಟ್ಟೆ. ರೂಪ 2025-04-01ರ ಹಾಗೆ, ಎರಡೂ ದಿನ ಲೆಕ್ಕಕ್ಕೆ ಸೇರುತ್ತವೆ ಎಂದೂ ಬರೆದೆ. ಇವತ್ತಿನ ತಾರೀಕನ್ನು ಸಿಸ್ಟಂ ಪ್ರಾಂಪ್ಟ್‌ನಲ್ಲಿ (ಮಾಡೆಲ್‌ಗೆ ಮೊದಲೇ ಕೊಡುವ ಸೂಚನೆಯಲ್ಲಿ) ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ‘ಹೋದ ತಿಂಗಳು’ ಎಲ್ಲಿಗೋ ಹೋಗುತ್ತದೆ. ತೂಕದ ವಿಷಯದಲ್ಲಿ ಅಳತೆಯನ್ನು ಹೆಸರಿನಲ್ಲೇ ಸೇರಿಸಿ: ತೂಕ_ಕ್ವಿಂಟಲ್. ಚೀಲದ ತೂಕ ಎಲ್ಲ ಕಡೆ ಒಂದೇ ಅಲ್ಲ, ಚೀಲದ ಲೆಕ್ಕವನ್ನು ಕ್ವಿಂಟಲ್ ಅಂದುಕೊಂಡರೆ ಉತ್ತರ ಎಷ್ಟು ದೂರ ಹೋಗುತ್ತದೆಂದು ನೀವೇ ಯೋಚಿಸಿ. ಪಾರ್ಟಿ ಕೋಡ್ (ಲೆಕ್ಕದಲ್ಲಿ ಪ್ರತಿ ಪಾರ್ಟಿಗೆ ಕೊಟ್ಟ ಗುರುತು) ಕೇಳುವ ಟೂಲಿನಲ್ಲಿ ‘ಕೋಡನ್ನು ಊಹಿಸಬೇಡ, ಮೊದಲು ಪಾರ್ಟಿ_ಹುಡುಕು ಕರೆ’ ಎಂದು ಸ್ಪಷ್ಟವಾಗಿರಲಿ. ಜನ ‘ಹರಿಹರದ ಪಾರ್ಟಿ’ ಅನ್ನುತ್ತಾರೆ, ಕೋಡ್ ಯಾರೂ ಹೇಳುವುದಿಲ್ಲ.

ವಾಪಸ್ ಬರುವ ಉತ್ತರವನ್ನೂ ವಿವರಣೆಯ ಭಾಗವೆಂದೇ ನೋಡಿ. ಖಾಲಿ ಪಟ್ಟಿ ಕೊಟ್ಟರೆ ಏಜೆಂಟ್ ‘ಮಾರಾಟವೇ ಆಗಿಲ್ಲ’ ಎನ್ನುತ್ತದೆ. ‘ಈ ಕೋಡಿನ ಪಾರ್ಟಿ ಇಲ್ಲ’ ಬೇರೆ, ‘ಪಾರ್ಟಿ ಇದೆ, ಈ ಅವಧಿಯಲ್ಲಿ ಬಿಲ್ ಇಲ್ಲ’ ಬೇರೆ. ನಮ್ಮ ಟೂಲ್ ಒಂದು ಸಲಕ್ಕೆ 50 ಬಿಲ್ ಮಾತ್ರ ಕೊಡುತ್ತಿತ್ತು, ಏಜೆಂಟ್ ಆ 50ನ್ನೇ ಕೂಡಿಸಿ ತಿಂಗಳ ಮಾರಾಟ ಎಂದಿತು. ಈಗ ಮಿತಿಯನ್ನು ವಿವರಣೆಯಲ್ಲಿ ಬರೆದಿದ್ದೇನೆ, ಒಟ್ಟು ಎಷ್ಟು ಬಿಲ್ ಇವೆ ಎಂಬುದನ್ನೂ ಉತ್ತರದ ಜೊತೆ ಕಳಿಸುತ್ತೇನೆ, ಮೊತ್ತಕ್ಕೆ ಬೇರೆ ಟೂಲ್ ಇಟ್ಟಿದ್ದೇನೆ.

ವಿವರಣೆ ಉದ್ದವಾದರೆ ಟೋಕನ್ ಖರ್ಚು (ಮಾಡೆಲ್ ಓದುವ ಪಠ್ಯದ ಅಳತೆಗೆ ತಗಲುವ ಖರ್ಚು) ಹೆಚ್ಚುತ್ತದೆ, ನಿಜ. ಉಳಿಸಬೇಕಾದರೆ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುವ ಟೂಲ್‌ಗಳನ್ನು ಒಂದಾಗಿಸಿ, ಸಾಲುಗಳನ್ನು ಕತ್ತರಿಸಬೇಡಿ.

ಪರೀಕ್ಷೆಗೆ ಪ್ರಶ್ನೆಗಳನ್ನು ನೀವೇ ಕಟ್ಟಬೇಡಿ. ಒಂದು ಬೆಳಿಗ್ಗೆ ಅಂಗಡಿಯಲ್ಲೇ ಕೂತು, ಸಾಹುಕಾರರು ಗುಮಾಸ್ತರನ್ನು ಕೇಳಿದ್ದನ್ನೆಲ್ಲ ಅವರ ಮಾತಿನಲ್ಲೇ ಬರೆದುಕೊಳ್ಳಿ, ಗುಮಾಸ್ತರು ಎಲ್ಲೆಲ್ಲಿ ‘ಯಾವುದು ಸಾಹುಕಾರ್ರೇ?’ ಎಂದು ತಿರುಗಿ ಕೇಳಿದರೋ ಅದನ್ನೂ ಗುರುತು ಹಾಕಿಕೊಳ್ಳಿ. ವಿವರಣೆಯ ಒಂದು ಪದ ಬದಲಿಸಿದರೂ ನಾನು ಆ ಪಟ್ಟಿಯನ್ನು ಪೂರ್ತಿ ಓಡಿಸುತ್ತೇನೆ. ನಿಮ್ಮ ಟೂಲ್‌ಗಳ ವಿವರಣೆಗಳನ್ನೂ ಏಜೆಂಟ್ ಎಡವಿದ ಪ್ರಶ್ನೆಗಳನ್ನೂ ಕೆಳಗೆ ಹಾಕಿ, ಕೂತು ನೋಡುತ್ತೇನೆ.